ಫೋನ್ ಚಾರ್ಜ್ ಆಗುತ್ತಿಲ್ಲವೇ? ಬ್ಯಾಟರಿಯನ್ನು ದೂರುವ ಮುನ್ನ ನೋಡಬೇಕಾದ್ದು

ಚಾರ್ಜ್ ಏರದ ಫೋನ್ ಕಂಡೊಡನೆ ಹೆಚ್ಚಿನವರ ಬಾಯಿಗೆ ಬರುವ ಮಾತು 'ಬ್ಯಾಟರಿ ಹೋಗಿದೆ' ಎಂಬುದು. ಆದರೆ ಸವೆದ ಬ್ಯಾಟರಿಯ ಲಕ್ಷಣವೇ ಬೇರೆ. ಅದು ಬೇಗ ತುಂಬುತ್ತದೆ, ಅಷ್ಟೇ ಬೇಗ ಖಾಲಿಯೂ ಆಗುತ್ತದೆ. ಶೇ 30 ತೋರಿಸುತ್ತಿದ್ದ ಫೋನ್ ಕ್ಯಾಮೆರಾ ತೆರೆದ ಕೂಡಲೇ ಆಫ್ ಆಗಿಬಿಡುತ್ತದೆ. ಚಾರ್ಜ್ ಹಿಡಿಯುವುದೇ ಇಲ್ಲ, ತುಂಬಲು ಇಡೀ ರಾತ್ರಿ ಬೇಕು, ಕೇಬಲನ್ನು ಒಂದು ಕಡೆಗೆ ಒತ್ತಿ ಹಿಡಿದರೆ ಮಾತ್ರ ಏರುತ್ತದೆ ಎಂಬ ದೂರುಗಳು ಸಾಮಾನ್ಯವಾಗಿ ಬ್ಯಾಟರಿಯವರೆಗೆ ಕರೆಂಟ್ ತಲುಪದ ತೊಂದರೆಗಳು.

ಕರೆಂಟ್ ಸಾಗುವ ದಾರಿಯಲ್ಲಿ ಆರು ಘಟ್ಟಗಳಿವೆ: ಗೋಡೆಯ ಸಾಕೆಟ್, ಅಡಾಪ್ಟರ್, ಕೇಬಲ್, ಫೋನಿನ ಚಾರ್ಜಿಂಗ್ ಪಿನ್ (ಕೇಬಲ್ ಚುಚ್ಚುವ ಕಿಂಡಿ), ಒಳಗಿನ ಚಾರ್ಜಿಂಗ್ ಐಸಿ (ಚಾರ್ಜ್ ನಿಯಂತ್ರಿಸುವ ಚಿಪ್), ಕೊನೆಗೆ ಬ್ಯಾಟರಿ. ಮೊದಲ ನಾಲ್ಕನ್ನು ಫೋನ್ ಬಿಚ್ಚದೆಯೇ ಪರೀಕ್ಷಿಸಬಹುದು. ನಿಯಮ ಒಂದೇ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕೇಬಲ್, ಅಡಾಪ್ಟರ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ಫೋನ್ ಚಾರ್ಜ್ ಆದೀತು, ಕೆಟ್ಟಿದ್ದು ಯಾವುದು ಎಂಬುದು ಮಾತ್ರ ತಿಳಿಯದೆ ಉಳಿಯುತ್ತದೆ.

ಯಾವ ಪರೀಕ್ಷೆಗೂ ಇಳಿಯುವ ಮೊದಲು ಫೋನನ್ನು ಸಮತಟ್ಟಾದ ಮೇಜಿನ ಮೇಲೆ ಮಲಗಿಸಿ ನೋಡಿ. ಹಿಂಬದಿ ಉಬ್ಬಿ ಫೋನ್ ತೊಟ್ಟಿಲಿನಂತೆ ಆಡುತ್ತಿದ್ದರೆ, ಪರದೆ ಅಂಚಿನಲ್ಲಿ ಎದ್ದಿದ್ದರೆ, ಸಿಹಿಯಾದ ಅಥವಾ ನೇಲ್ ಪಾಲಿಶ್‌ನಂಥ ವಾಸನೆ ಬರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಅದು ಊದಿಕೊಂಡ ಬ್ಯಾಟರಿ. ಚಾರ್ಜ್‌ಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಫೋನ್ ಆಫ್ ಮಾಡಿ, ಬಟ್ಟೆ ಕಾಗದಗಳಿಂದ ದೂರ, ಕಲ್ಲು ಅಥವಾ ಟೈಲ್ಸ್ ಮೇಲಿಟ್ಟು ರಿಪೇರಿಯವರಿಗೆ ಒಪ್ಪಿಸಿ. ಮುಂದಿನ ಮಾತೆಲ್ಲ ಉಬ್ಬದ ಫೋನಿಗೆ.

ಚಾರ್ಜಿಂಗ್ ಪಿನ್: ಮೊದಲ ಅನುಮಾನ ಇಲ್ಲಿಯೇ

ಜೇಬಿನಲ್ಲಿ, ಚೀಲದಲ್ಲಿ ಓಡಾಡುವ ಫೋನಿನ ಪಿನ್ನಿನೊಳಗೆ ಬಟ್ಟೆಯ ನೂಲು, ಧೂಳು ಸೇರುತ್ತವೆ. ಪ್ರತಿ ಸಲ ಕೇಬಲ್ ಚುಚ್ಚಿದಾಗಲೂ ಆ ಕಸ ಒಳಕ್ಕೆ ಒತ್ತಿಕೊಂಡು, ತಿಂಗಳುಗಟ್ಟಲೆ ಕಳೆದ ಮೇಲೆ ತಳದಲ್ಲಿ ಉಣ್ಣೆಯ ಹಾಸಿನಂತೆ ಗಟ್ಟಿಯಾಗುತ್ತದೆ. ಆಗ ಕೇಬಲ್ಲಿನ ತುದಿ ಪೂರ್ತಿ ಒಳಗೆ ಕೂರುವುದಿಲ್ಲ.

ಕಂಡುಹಿಡಿಯುವುದು ಸುಲಭ. ಟೈಪ್-ಸಿ ತುದಿಯ ಲೋಹದ ಭಾಗ ಸುಮಾರು ಆರೂವರೆ ಮಿಲಿಮೀಟರ್ ಉದ್ದ. ಸರಿಯಾಗಿ ಕೂತಾಗ 'ಟಕ್' ಎಂಬ ಸಣ್ಣ ಹಿಡಿತ ಬೆರಳಿಗೆ ತಿಳಿಯುತ್ತದೆ, ಲೋಹ ಹೊರಗೆ ಕಾಣುವುದಿಲ್ಲ. ಒಂದು ಮಿಲಿಮೀಟರಿನಷ್ಟು ಬೆಳ್ಳಿಯ ಅಂಚು ಹೊರಗೆ ಉಳಿದಿದ್ದರೆ, ಅಥವಾ ಫೋನನ್ನು ಎತ್ತಿದಾಗ ಕೇಬಲ್ ತಾನೇ ಜಾರಿ ಬಿದ್ದರೆ ಒಳಗೆ ಕಸ ಇದೆ ಎಂದುಕೊಳ್ಳಿ. ದಪ್ಪ ಕವರ್ ಇದ್ದರೆ ಅದನ್ನು ತೆಗೆದು ಮತ್ತೊಮ್ಮೆ ನೋಡಿ. ಕವರಿನ ಅಂಚೇ ಪ್ಲಗ್ಗನ್ನು ತಡೆಯುವುದೂ ಉಂಟು. ಅಂಥ ಸಂದರ್ಭದಲ್ಲಿ ರಿಪೇರಿ ಮುಗಿದಂತೆಯೇ.

ಸ್ವಚ್ಛ ಮಾಡುವ ಕ್ರಮ ಹೀಗೆ:

1. ಫೋನನ್ನು ಪೂರ್ತಿ ಆಫ್ ಮಾಡಿ. ಪರದೆ ಆರಿಸಿದರಷ್ಟೇ ಸಾಲದು.

2. ಮರದ ಹಲ್ಲುಕಡ್ಡಿಯನ್ನು ಬ್ಲೇಡಿನಿಂದ ಎರಡೂ ಮಗ್ಗುಲು ಹೆರೆದು ಚಪ್ಪಟೆ ಮಾಡಿ. ಟೈಪ್-ಸಿ ಪಿನ್ನಿನ ನಡುವೆ ಸುಮಾರು 0.7 ಮಿಲಿಮೀಟರ್ ದಪ್ಪದ ನಾಲಿಗೆಯಿದೆ; ಅದರ ಮೇಲೂ ಕೆಳಗೂ ಉಳಿಯುವ ಸಂದು ಒಂದು ಮಿಲಿಮೀಟರಿಗಿಂತ ಕಡಿಮೆ. ಹೆರೆಯದ ಕಡ್ಡಿ ಅಲ್ಲಿ ತೂರುವುದಿಲ್ಲ, ಒತ್ತಿ ತೂರಿಸಿದರೆ ನಾಲಿಗೆಯೇ ಮುರಿದೀತು.

3. ಪಿನ್ನನ್ನು ಕೆಳಮುಖವಾಗಿ ಹಿಡಿದು, ಟಾರ್ಚ್ ಬೆಳಕಿನಲ್ಲಿ ನೋಡುತ್ತಾ, ಕಡ್ಡಿಯನ್ನು ಒಂದು ಮೂಲೆಯಿಂದ ತಳಕ್ಕೆ ಇಳಿಸಿ ಹೊರಕ್ಕೆ ಮೀಟಿ. ಒಳಕ್ಕೆ ಕುಟ್ಟಬೇಡಿ. ಕಸ ಹೆಚ್ಚಾಗಿ ಕೂರುವುದು ತಳದ ಎರಡು ಮೂಲೆಗಳಲ್ಲಿ.

4. ಸಡಿಲವಾದ ಧೂಳನ್ನು ಒಣ, ಮೆದು ಬ್ರಷ್ಷಿನಿಂದ ಗುಡಿಸಿ ತೆಗೆಯಿರಿ. ಬಾಯಿಂದ ಊದುವ ಅಭ್ಯಾಸ ಬಿಡಿ. ಉಸಿರಿನ ಜೊತೆ ತೇವವೂ ಎಂಜಲೂ ಒಳಗೆ ಹೋಗುತ್ತವೆ.

5. ನಾಲಿಗೆಯ ಮೇಲಿನ ಲೋಹದ ಸಂಪರ್ಕ ಗೆರೆಗಳು ಕಪ್ಪಾಗಿದ್ದರೆ ಅಥವಾ ಮಂಕಾಗಿದ್ದರೆ, ಹೆರೆದ ಕಡ್ಡಿಗೆ ಒಂದೆರಡು ಎಳೆ ಹತ್ತಿ ಸುತ್ತಿ, ಶೇ 99ರ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತುಸುವೇ ಒದ್ದೆ ಮಾಡಿ ಒರೆಸಿ. ಹತ್ತಿಯ ಎಳೆ ಒಳಗೆ ಉಳಿಯದಂತೆ ನೋಡಿ, ಹದಿನೈದು ನಿಮಿಷ ಒಣಗಲು ಬಿಟ್ಟು ಫೋನ್ ಆನ್ ಮಾಡಿ.

ಹೊಲಿಗೆ ಸೂಜಿ, ಸೇಫ್ಟಿ ಪಿನ್, ಸಿಮ್ ತೆಗೆಯುವ ಕಡ್ಡಿ ಇವ್ಯಾವುವೂ ಬೇಡ. ಟೈಪ್-ಸಿ ನಾಲಿಗೆಯ ಎರಡೂ ಬದಿಗೆ ತಲಾ 12ರಂತೆ 24 ಸಂಪರ್ಕಗಳಿವೆ, ಅವುಗಳ ನಡುವಿನ ಅಂತರ ಅರ್ಧ ಮಿಲಿಮೀಟರ್. ಲೋಹದ ಮೊನೆ ಒಂದು ಗೆರೆಯನ್ನು ಕಿತ್ತರೆ ಧೂಳಿನ ತೊಂದರೆ ಬೆಸುಗೆಯ ಕೆಲಸವಾಗುತ್ತದೆ.

ಸ್ವಚ್ಛ ಮಾಡಿದ ಮೇಲೆ ಕೇಬಲನ್ನು ಒಮ್ಮೆ ನೇರ, ಒಮ್ಮೆ ಮಗುಚಿ ಹಾಕಿ ನೋಡಿ. ಟೈಪ್-ಸಿ ಎರಡೂ ಕಡೆಯಿಂದ ಹಿಡಿಯಬೇಕು. ಒಂದು ಕಡೆ ಮಾತ್ರ ಹಿಡಿದರೆ ಸಂಗತಿ ಸ್ಪಷ್ಟ, ನಾಲಿಗೆಯ ಒಂದು ಬದಿಯ ಸಂಪರ್ಕ ಕೆಟ್ಟಿದೆ ಅಥವಾ ಇನ್ನೂ ಕೊಳೆಯಾಗಿದೆ. ಫೋನ್ 'ನಾನಿಲ್ಲಿದ್ದೇನೆ, ಕರೆಂಟ್ ಕೊಡು' ಎಂದು ಅಡಾಪ್ಟರಿಗೆ ತಿಳಿಸುವುದು ಸಿಸಿ ಎಂಬ ಸಂಪರ್ಕದ ಮೂಲಕ. ಅಲ್ಲಿ ಫೋನಿನ ಒಳಗೆ 5.1 ಕಿಲೋಓಮ್‌ನ ರೆಸಿಸ್ಟರ್ ಇರುತ್ತದೆ. ಪ್ರತಿ ಬದಿಗೂ ಒಂದೊಂದು ಸಿಸಿ ಇರುವುದರಿಂದಲೇ ಮಗುಚಿದಾಗ ಫಲಿತಾಂಶ ಬದಲಾಗುವುದು.

ಹಳೆಯ ಮೈಕ್ರೋ ಯುಎಸ್‌ಬಿ ಫೋನುಗಳಲ್ಲಿ ಬೇರೊಂದು ಕಾಯಿಲೆ. ಅಲ್ಲಿ ಹಿಡಿತ ಕೊಡುವ ಎರಡು ಪುಟ್ಟ ಕೊಕ್ಕೆಗಳು ಇರುವುದು ಕೇಬಲ್ಲಿನ ತುದಿಯಲ್ಲಿ. ಅವು ಸವೆದರೆ ಪಿನ್ನೇ ಲೂಸಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಹೊಸ ಕೇಬಲ್ ಹಾಕಿ ನೋಡದೆ ಪಿನ್ ಬದಲಿಸಲು ಒಪ್ಪಬೇಡಿ.

ಕೇಬಲ್: ಹೊರಗೆ ಹೊಸದು, ಒಳಗೆ ಬಡವ

ಕೇಬಲ್ ಸಾಯುವುದು ನಡುವಿನಲ್ಲಲ್ಲ, ತುದಿಯಿಂದ ಎರಡು ಮೂರು ಸೆಂಟಿಮೀಟರ್ ಒಳಗೆ, ಪದೇ ಪದೇ ಮಡಚುವ ಜಾಗದಲ್ಲಿ. ಹೊದಿಕೆ ಸರಿಯಾಗಿ ಕಂಡರೂ ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗಿರುತ್ತವೆ. ಚಾರ್ಜ್ ಆಗುತ್ತಿರುವಾಗ ಆ ಭಾಗವನ್ನು ಮೆಲ್ಲಗೆ ಬಾಗಿಸಿ, ಫೋನಿನ ಚಾರ್ಜಿಂಗ್ ಗುರುತು ಬಂದು ಹೋಗಿ ಮಾಡಿದರೆ ಕೇಬಲ್ ಮುಗಿದಿದೆ. ಟೇಪ್ ಸುತ್ತಿ ಬಳಸುವುದು ಬೇಡ. ಅರೆತುಂಡಾದ ಜಾಗ ಬಿಸಿಯಾಗುತ್ತದೆ. ಕೇಬಲ್ ತುದಿಯ ಸಂಪರ್ಕಗಳಲ್ಲಿ ಒಂದು ಸುಟ್ಟಂತೆ ಕಪ್ಪಾಗಿದ್ದರೂ ಎಸೆಯಿರಿ, ಆ ಕೊಳೆ ಫೋನಿನ ಪಿನ್ನಿಗೂ ಅಂಟುತ್ತದೆ.

ನಿಧಾನ ಚಾರ್ಜಿಂಗ್‌ಗೆ ಮುರಿಯದ ಕೇಬಲ್ಲೂ ಕಾರಣವಾಗಬಹುದು. ತಂತಿ ತೆಳುವಾದಷ್ಟೂ ತಡೆ ಹೆಚ್ಚು; ಗೇಜ್ ಸಂಖ್ಯೆ ದೊಡ್ಡದಾದಷ್ಟೂ ತಂತಿ ತೆಳು. 28 ಗೇಜಿನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ತಡೆ. ಹೋಗುವ ಬರುವ ಎರಡೂ ತಂತಿ ಸೇರಿ ಒಂದು ಮೀಟರ್ ಕೇಬಲಿಗೆ 0.42 ಓಮ್. ಅದರಲ್ಲಿ 2 ಆಂಪಿಯರ್ ಹರಿಸಿದರೆ ದಾರಿಯಲ್ಲೇ 0.8 ವೋಲ್ಟಿಗೂ ಹೆಚ್ಚು ಕರಗುತ್ತದೆ. ಅಡಾಪ್ಟರ್ ಕೊಟ್ಟ 5 ವೋಲ್ಟ್ ಫೋನ್ ಸೇರುವಾಗ 4.2ರ ಹತ್ತಿರ ಇರುತ್ತದೆ. ಫೋನ್ ಅದನ್ನು ಗಮನಿಸಿ ತಾನು ಎಳೆಯುವ ಕರೆಂಟನ್ನು ತಗ್ಗಿಸಿಕೊಳ್ಳುತ್ತದೆ. 24 ಗೇಜಿನ ತಂತಿಯಾದರೆ ಇದೇ ನಷ್ಟ ಸುಮಾರು 0.34 ವೋಲ್ಟ್. ಮೂರು ಮೀಟರಿನ ತೆಳು ಕೇಬಲ್ ಹಾಸಿಗೆಯವರೆಗೆ ಎಳೆಯಲು ಅನುಕೂಲವೇ, ಆದರೆ ಅದರಿಂದ ವೇಗ ನಿರೀಕ್ಷಿಸಬಾರದು.

ಕೆಲವು ಕಂಪನಿಗಳ ಅತಿವೇಗದ ಚಾರ್ಜಿಂಗಿಗೆ ಅವರದೇ ಕೇಬಲ್ ಬೇಕು. ಟೈಪ್-ಸಿ ಕೇಬಲ್ಲುಗಳಲ್ಲೂ 3 ಆಂಪಿಯರ್ ಮೀರಬೇಕಾದರೆ ತುದಿಯೊಳಗೆ ಇ-ಮಾರ್ಕರ್ ಎಂಬ ಗುರುತಿನ ಚಿಪ್ ಇರಬೇಕೆಂಬುದು ಯುಎಸ್‌ಬಿ ನಿಯಮ. ಚಿಪ್ ಇಲ್ಲದಿದ್ದರೆ ಅಡಾಪ್ಟರ್ ಎಷ್ಟೇ ದೊಡ್ಡದಿರಲಿ 3 ಆಂಪಿಯರ್‌ಗೆ ನಿಲ್ಲುತ್ತದೆ.

ಅಡಾಪ್ಟರ್: ವಾಟ್ ಒಂದನ್ನೇ ನೋಡಿದರೆ ಸಾಲದು

ಅಡಾಪ್ಟರಿನ ಮೈಮೇಲೆ ಸಣ್ಣ ಅಕ್ಷರದಲ್ಲಿ ಔಟ್‌ಪುಟ್ ಎಂಬ ಸಾಲು ಇರುತ್ತದೆ. 5 ವೋಲ್ಟ್ 1 ಆಂಪಿಯರ್ ಎಂದಿದ್ದರೆ 5 ವಾಟ್, 5 ವೋಲ್ಟ್ 2 ಆಂಪಿಯರ್ ಎಂದಿದ್ದರೆ 10 ವಾಟ್, 9 ವೋಲ್ಟ್ 2 ಆಂಪಿಯರ್ ಎಂದಿದ್ದರೆ 18 ವಾಟ್. ಈಗ ಲೆಕ್ಕ ಹಾಕಿ: 5000 ಮಿಲಿಆಂಪಿಯರ್-ಅವರ್ ಬ್ಯಾಟರಿ, ಸರಾಸರಿ 3.85 ವೋಲ್ಟಿನಂತೆ, ಸುಮಾರು 19 ವಾಟ್-ಅವರ್ ಶಕ್ತಿ ಹಿಡಿಯುತ್ತದೆ. ಶಾಖವಾಗಿ ಹೋಗುವುದನ್ನೂ ಸೇರಿಸಿದರೆ 10 ವಾಟಿನಲ್ಲಿ ಎರಡೂವರೆ ಗಂಟೆಯಾದರೂ ಬೇಕು. ಕಂಪ್ಯೂಟರಿನ ಹಳೆಯ ಯುಎಸ್‌ಬಿ 2.0 ಕಿಂಡಿ ಕೊಡುವುದು 500 ಮಿಲಿಆಂಪಿಯರ್, ಎಂದರೆ 2.5 ವಾಟ್, ಅಲ್ಲಿ ಎಂಟೊಂಬತ್ತು ಗಂಟೆ ಹಿಡಿದರೆ ಫೋನಿನ ತಪ್ಪಲ್ಲ. ದಾರಿ ತೋರಿಸುವ ಮ್ಯಾಪ್ ಹಚ್ಚಿಕೊಂಡು, ಪರದೆ ಪೂರ್ತಿ ಬೆಳಗಿಸಿದ ಫೋನ್ ಅದಕ್ಕಿಂತ ಹೆಚ್ಚು ಉಣ್ಣುವುದರಿಂದ ಚಾರ್ಜಿಂಗ್ ಎಂದು ತೋರಿಸುತ್ತಲೇ ಶೇಕಡಾವಾರು ಇಳಿಯಲೂಬಹುದು.

ಇಲ್ಲಿ ಜನ ಎಡವುವ ಜಾಗ ಒಂದಿದೆ. 65 ವಾಟಿನ ಅಡಾಪ್ಟರ್ ಇದ್ದೂ ಫೋನ್ 10 ವಾಟಿನಲ್ಲಿ ತೆವಳುತ್ತದೆ. ವೇಗದ ಚಾರ್ಜಿಂಗಿಗೆ ಫೋನ್ ಮತ್ತು ಅಡಾಪ್ಟರ್ ಒಂದೇ 'ಭಾಷೆ' ಆಡಬೇಕು. ಯುಎಸ್‌ಬಿ ಪವರ್ ಡೆಲಿವರಿ ಒಂದು ಭಾಷೆ, ಕ್ವಾಲ್ಕಮ್‌ನ ಕ್ವಿಕ್ ಚಾರ್ಜ್ ಇನ್ನೊಂದು, ಕೆಲವು ಕಂಪನಿಗಳದು ತಮ್ಮದೇ ಮನೆಮಾತು. ಮಾತು ಹೊಂದದಿದ್ದರೆ ಎರಡೂ ಸಾದಾ 5 ವೋಲ್ಟಿಗೆ ಇಳಿದು ರಾಜಿಯಾಗುತ್ತವೆ. ಫೋನಿನ ಪೆಟ್ಟಿಗೆಯಲ್ಲಿ ಬಂದ ಅಡಾಪ್ಟರ್ ಇದ್ದರೆ ಪರೀಕ್ಷೆಗೆ ಅದನ್ನೇ ಬಳಸಿ. ಸೆಟ್ಟಿಂಗ್ಸ್‌ನಲ್ಲೂ ಕಣ್ಣಾಡಿಸಿ, ಸ್ಯಾಮ್‌ಸಂಗ್ ಫೋನುಗಳಲ್ಲಿ ಬ್ಯಾಟರಿ ವಿಭಾಗದಲ್ಲಿ ಫಾಸ್ಟ್ ಚಾರ್ಜಿಂಗ್‌ಗೆ ಪ್ರತ್ಯೇಕ ಸ್ವಿಚ್ ಇದೆ, ಅದು ಆಫ್ ಆಗಿದ್ದರೆ ಯಾವ ಅಡಾಪ್ಟರ್ ತಂದರೂ ನಿಧಾನವೇ.

ಪವರ್ ಬ್ಯಾಂಕಿಗೆ ಟೈಪ್-ಸಿಯಿಂದ ಟೈಪ್-ಸಿಗೆ ಕೇಬಲ್ ಹಾಕಿದಾಗ ಒಂದು ತಮಾಷೆ ನಡೆಯುವುದುಂಟು: ಯಾರು ಕೊಡುವವರು, ಯಾರು ತೆಗೆದುಕೊಳ್ಳುವವರು ಎಂಬುದು ಅದಲುಬದಲಾಗಿ ಫೋನೇ ಪವರ್ ಬ್ಯಾಂಕನ್ನು ಚಾರ್ಜ್ ಮಾಡತೊಡಗುತ್ತದೆ. ನೋಟಿಫಿಕೇಶನ್ ಪಟ್ಟಿಯಲ್ಲಿರುವ ಯುಎಸ್‌ಬಿ ಸಾಲನ್ನು ಒತ್ತಿ, 'ಈ ಸಾಧನವನ್ನು ಚಾರ್ಜ್ ಮಾಡು' ಎಂಬ ಅರ್ಥದ ಆಯ್ಕೆಗೆ ಬದಲಿಸಿ.

ಅಂದಾಜಿನ ಬದಲು ಅಂಕಿ

'ನಿಧಾನ' ಎಂಬುದನ್ನು ಅಳೆಯಬಹುದು. ಬ್ಯಾಟರಿಗೆ ಹೋಗುವ ಕರೆಂಟನ್ನು ಮಿಲಿಆಂಪಿಯರಿನಲ್ಲಿ ತೋರಿಸುವ ಆ್ಯಪ್‌ಗಳು ಆಂಡ್ರಾಯ್ಡ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಕೆಲವು ಫೋನುಗಳಲ್ಲಿ ಡಯಲರ್‌ನಲ್ಲಿ *#*#4636#*#* ಒತ್ತಿದರೂ ಬ್ಯಾಟರಿಯ ವೋಲ್ಟೇಜು, ತಾಪಮಾನ ಕಾಣುತ್ತವೆ. ಬ್ಯಾಟರಿ ಶೇ 20ರಿಂದ 50ರ ನಡುವೆ ಇರುವಾಗ, ಪರದೆಯ ಬೆಳಕು ತಗ್ಗಿಸಿ, ಎರಡು ನಿಮಿಷ ಬಿಟ್ಟು ಓದಿ. 10 ವಾಟಿನ ಅಡಾಪ್ಟರಿನಲ್ಲಿ ಸಾವಿರಕ್ಕಿಂತ ಚೆನ್ನಾಗಿ ಮೇಲಿರಬೇಕು. ಮುನ್ನೂರು ನಾನೂರಿನಲ್ಲಿ ತೂಗಾಡುತ್ತಿದ್ದರೆ ಕೇಬಲ್ ಬದಲಿಸಿ ಮತ್ತೆ ಓದಿ. ಅಂಕಿ ಜಿಗಿದರೆ ಕಳ್ಳ ಸಿಕ್ಕಿಬಿದ್ದ. ಒಳಗೆ ಎರಡು ಸೆಲ್ ಇರುವ ಫೋನುಗಳಲ್ಲಿ ಈ ಆ್ಯಪ್‌ಗಳು ಅರ್ಧದಷ್ಟನ್ನೇ ತೋರಿಸಬಹುದು, ಆದ್ದರಿಂದ ಅಂಕಿಯ ಗಾತ್ರಕ್ಕಿಂತ ಎರಡು ಓದುಗಳ ನಡುವಿನ ವ್ಯತ್ಯಾಸವನ್ನು ನಂಬಿ.

ಹರಿಯುವ ವೋಲ್ಟೇಜು, ಕರೆಂಟುಗಳನ್ನು ತೋರಿಸುವ ಪುಟ್ಟ ಯುಎಸ್‌ಬಿ ಮೀಟರ್ ಕೈಲಿದ್ದರೆ ಇನ್ನೂ ಒಳ್ಳೆಯದು. ಅದನ್ನು ಕೇಬಲ್ಲಿನ ಫೋನ್ ಕಡೆಯ ತುದಿಯಲ್ಲಿ ಸಿಕ್ಕಿಸಿ. ಅಡಾಪ್ಟರ್ ಕಡೆ ಹಾಕಿದರೆ ಕೇಬಲ್ಲಿನ ನಷ್ಟ ಕಾಣುವುದೇ ಇಲ್ಲ. ಸಾದಾ ಚಾರ್ಜಿಂಗಿನಲ್ಲಿ, ಕರೆಂಟ್ ಹರಿಯುತ್ತಿರುವಾಗ ವೋಲ್ಟೇಜು 4.5ರ ಕೆಳಗೆ ಕುಸಿದರೆ ಕೇಬಲ್ ಅಥವಾ ಅಡಾಪ್ಟರ್ ಸೋಲುತ್ತಿದೆ.

ಕರೆಂಟ್ ತೋರಿಸುವ ಆ್ಯಪ್‌ನಲ್ಲೇ ಬ್ಯಾಟರಿಯ ತಾಪಮಾನವನ್ನೂ ನೋಡಿ. ಕೋಣೆ ಬೆಚ್ಚಗಿದ್ದರೂ ಅದು ಸೊನ್ನೆಗಿಂತ 20 ಡಿಗ್ರಿ ಕೆಳಗೆ ಎಂದು ತೋರಿಸಿದರೆ ಬ್ಯಾಟರಿಯ ಉಷ್ಣ ಸಂವೇದಕದ ಸಂಪರ್ಕ ಕಡಿದಿದೆ. ಫೋನ್ 'ಬ್ಯಾಟರಿ ಹೆಪ್ಪುಗಟ್ಟಿದೆ' ಎಂದು ನಂಬಿ ಚಾರ್ಜಿಂಗನ್ನೇ ತಡೆಹಿಡಿದಿರುತ್ತದೆ. ರಿಪೇರಿಯವರು 'ಫೇಕ್ ಚಾರ್ಜಿಂಗ್' ಎನ್ನುವ ತೊಂದರೆಗೆ, ಎಂದರೆ ಮಿಂಚಿನ ಗುರುತು ಕಾಣುತ್ತಿದ್ದರೂ ಶೇಕಡಾವಾರು ಏರದಿರುವುದಕ್ಕೆ, ಇದೂ ಒಂದು ಕಾರಣ.

ನೀರಿನ ಹನಿಯ ಎಚ್ಚರಿಕೆ

ಪರದೆಯಲ್ಲಿ ಹನಿಯ ಚಿತ್ರ ಅಥವಾ ದ್ರವ ಪತ್ತೆಯಾಗಿದೆ ಎಂಬ ಸಂದೇಶ ಬಂದರೆ ಫೋನ್ ಬೇಕೆಂದೇ ಚಾರ್ಜ್ ನಿಲ್ಲಿಸಿದೆ. ಒದ್ದೆ ಪಿನ್ನಿಗೆ 5 ವೋಲ್ಟ್ ಹರಿದರೆ ಸಂಪರ್ಕಗಳು ಕಿಲುಬು ಹಿಡಿದು ಹಸಿರಾಗಿ ಕರಗತೊಡಗುತ್ತವೆ. ಕೇಬಲ್ ತೆಗೆದು, ಪಿನ್ ಕೆಳಗೆ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ, ಗಾಳಿಯಾಡುವಲ್ಲಿ ಅರ್ಧ ಗಂಟೆಯಾದರೂ ಇಡಿ. ಪೂರ್ತಿ ಒಣಗಲು ಒಂದು ದಿನವೂ ಬೇಕಾಗಬಹುದು. ಅಕ್ಕಿ ಡಬ್ಬಿಯಲ್ಲಿ ಹೂಳುವ ಮದ್ದು ಬೇಡ, ಅಕ್ಕಿಯ ಹುಡಿ ಪಿನ್ನಿಗೆ ಸೇರುತ್ತದೆ. ಹೇರ್ ಡ್ರೈಯರಿನ ಬಿಸಿಗಾಳಿಯೂ ಬೇಡ. ತುರ್ತಿದ್ದರೆ, ಸೌಲಭ್ಯವಿರುವ ಫೋನಿನ ಹಿಂಬದಿ ಒರೆಸಿ ವೈರ್‌ಲೆಸ್‌ನಲ್ಲಿ ಚಾರ್ಜ್ ಮಾಡಬಹುದು.

ದಿನಗಟ್ಟಲೆ ಒಣಗಿದ ಮೇಲೂ ಸ್ಯಾಮ್‌ಸಂಗ್ ಫೋನಿನಲ್ಲಿ ಹನಿ ಹೋಗದಿದ್ದರೆ, ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಲ್ಲಿ ಸಿಸ್ಟಮ್ ಆ್ಯಪ್‌ಗಳನ್ನು ತೋರಿಸುವಂತೆ ಮಾಡಿ, 'ಯುಎಸ್‌ಬಿ ಸೆಟ್ಟಿಂಗ್ಸ್' ಎಂಬುದರ ಕ್ಯಾಶ್ ಮತ್ತು ಡೇಟಾ ಅಳಿಸಿ ರೀಸ್ಟಾರ್ಟ್ ಮಾಡಿ. ಹಾಗೂ ಹೋಗದಿದ್ದರೆ ಪಿನ್ನಿನೊಳಗೆ ಉಪ್ಪೋ ಕಿಲುಬೋ ಕೂತಿದೆ. ಮೇಲೆ ಹೇಳಿದ ಆಲ್ಕೋಹಾಲ್ ಕ್ರಮಕ್ಕೆ ಮರಳಿ.

ಕೆಟ್ಟಿಲ್ಲ, ಫೋನೇ ತಡೆದಿದೆ

ಶೇ 80ಕ್ಕೆ ಬಂದು ನಿಲ್ಲುವ ಫೋನುಗಳನ್ನು ರಿಪೇರಿಗೆ ಒಯ್ಯುವವರಿದ್ದಾರೆ. ಬ್ಯಾಟರಿಯ ಆಯುಷ್ಯ ಉಳಿಸಲು ಫೋನುಗಳಲ್ಲೇ ಮಿತಿ ಇರುತ್ತದೆ: ಸ್ಯಾಮ್‌ಸಂಗ್‌ನಲ್ಲಿ ಬ್ಯಾಟರಿ ಪ್ರೊಟೆಕ್ಷನ್, ಐಫೋನಿನಲ್ಲಿ ಆಪ್ಟಿಮೈಸ್ಡ್ ಚಾರ್ಜಿಂಗ್, ಪಿಕ್ಸೆಲ್‌ನಲ್ಲಿ ಅಡಾಪ್ಟಿವ್ ಚಾರ್ಜಿಂಗ್. ಮಿತಿ ಇಲ್ಲದಿದ್ದರೂ 80ರ ಮೇಲೆ ವೇಗ ಇಳಿಯುವುದು ಲಿಥಿಯಂ ಬ್ಯಾಟರಿಯ ಸ್ವಭಾವ; ವೋಲ್ಟೇಜು ಮೇಲ್ಮಿತಿ ಮುಟ್ಟಿದ ಮೇಲೆ ಕರೆಂಟನ್ನು ಹಂತಹಂತವಾಗಿ ಕಡಿಮೆ ಮಾಡಲೇಬೇಕು.

ಬಿಸಿಯೂ ಹಾಗೆಯೇ. ಈ ಬ್ಯಾಟರಿಗಳನ್ನು ಚಾರ್ಜ್ ಮಾಡಲು ಸಾಮಾನ್ಯವಾಗಿ ಒಪ್ಪುವ ತಾಪಮಾನ 0ಯಿಂದ 45 ಡಿಗ್ರಿ ಸೆಲ್ಸಿಯಸ್. ಆಟ ಆಡುತ್ತಾ, ದಿಂಬಿನಡಿ ಇಟ್ಟು, ಬಿಸಿಲಲ್ಲಿ ನಿಂತ ಕಾರಿನಲ್ಲಿ ಚಾರ್ಜ್‌ಗೆ ಹಾಕಿದ ಫೋನ್ ತಾನೇ ವೇಗ ತಗ್ಗಿಸುತ್ತದೆ ಅಥವಾ ನಿಲ್ಲಿಸುತ್ತದೆ. ಕವರ್ ತೆಗೆದು ಫ್ಯಾನಿನ ಕೆಳಗಿಡಿ. ಫ್ರಿಜ್ಜಿನಲ್ಲಿಟ್ಟರೆ ಒಳಗೆ ತೇವ ಕಟ್ಟುತ್ತದೆ.

ಆ್ಯಪ್‌ನಿಂದ ತೊಂದರೆಯೇ ಎಂದು ತಿಳಿಯಲು ಫೋನ್ ಆಫ್ ಮಾಡಿ ಅರ್ಧ ಗಂಟೆ ಚಾರ್ಜ್ ಮಾಡಿ. ಆಫ್ ಇದ್ದಾಗ ಸಲೀಸಾಗಿ ಏರಿ, ಆನ್ ಇದ್ದಾಗ ಏರದಿದ್ದರೆ ಕರೆಂಟ್ ತಿನ್ನುವ ಆ್ಯಪ್ ಹುಡುಕಿ. ನೀವು ಹಾಕಿಕೊಂಡ ಆ್ಯಪ್‌ಗಳನ್ನು ತಡೆದು ಫೋನ್ ನಡೆಸುವ ಸೇಫ್ ಮೋಡ್ ಆಂಡ್ರಾಯ್ಡ್‌ನಲ್ಲಿ ಇದಕ್ಕೇ ಇದೆ.

ಪೂರ್ತಿ ಸತ್ತಂತಿರುವ ಫೋನ್

ವಾರಗಟ್ಟಲೆ ಡ್ರಾಯರಿನಲ್ಲಿ ಬಿದ್ದಿದ್ದ ಫೋನ್ ಚಾರ್ಜ್‌ಗೆ ಹಾಕಿದರೂ ಕಣ್ಣು ಬಿಡುವುದಿಲ್ಲ. ಸೆಲ್‌ನ ವೋಲ್ಟೇಜು ತೀರಾ ಕುಸಿದರೆ ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್ ಅದನ್ನು ಕಡಿದುಹಾಕುತ್ತದೆ. ಆಮೇಲೆ ಫೋನ್ ಸಣ್ಣ ಕರೆಂಟಿನಲ್ಲಿ ನಿಧಾನಕ್ಕೆ ಸುಮಾರು 3 ವೋಲ್ಟಿನವರೆಗೆ ಎತ್ತಬೇಕು, ಅಲ್ಲಿಯವರೆಗೆ ಪರದೆ ಕಪ್ಪಾಗಿಯೇ ಇರುತ್ತದೆ. ಸಾದಾ 5 ವೋಲ್ಟಿನ ಅಡಾಪ್ಟರಿಗೆ ಹಾಕಿ ಅರ್ಧ ಗಂಟೆಯಿಂದ ಒಂದು ಗಂಟೆ ಮುಟ್ಟದೆ ಬಿಡಿ. ಐದೈದು ನಿಮಿಷಕ್ಕೆ ಪವರ್ ಬಟನ್ ಒತ್ತುತ್ತಿದ್ದರೆ ಕೂಡಿದ ಅಷ್ಟಿಷ್ಟು ಶಕ್ತಿಯೂ ಆರಂಭಿಸುವ ಯತ್ನದಲ್ಲೇ ಮುಗಿಯುತ್ತದೆ.

ಫೋನ್ ಹ್ಯಾಂಗ್ ಆಗಿ ಸತ್ತಂತೆ ಕಾಣುವುದೂ ಉಂಟು. ಸ್ಯಾಮ್‌ಸಂಗ್‌ನಲ್ಲಿ ವಾಲ್ಯೂಮ್ ಡೌನ್ ಮತ್ತು ಪವರ್ ಬಟನ್‌ಗಳನ್ನು ಒಟ್ಟಿಗೆ ಏಳೆಂಟು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಿರಿ. ಐಫೋನ್ 8 ಮತ್ತು ನಂತರದವುಗಳಲ್ಲಿ ವಾಲ್ಯೂಮ್ ಅಪ್ ಒತ್ತಿ ಬಿಡಿ, ವಾಲ್ಯೂಮ್ ಡೌನ್ ಒತ್ತಿ ಬಿಡಿ, ಬಳಿಕ ಪಕ್ಕದ ಬಟನ್ನನ್ನು ಆಪಲ್ ಗುರುತು ಮೂಡುವವರೆಗೆ ಹಿಡಿಯಿರಿ.

ರಿಪೇರಿಗೆ ಕೊಡುವಾಗ

ಕೇಬಲ್, ಅಡಾಪ್ಟರ್, ಸ್ವಚ್ಛತೆ ಎಲ್ಲ ಮುಗಿದ ಮೇಲೂ ತೊಂದರೆ ಉಳಿದರೆ ಕೊನೆಯದಾಗಿ ವೈರ್‌ಲೆಸ್ ಪರೀಕ್ಷೆ, ಫೋನಿಗೆ ಆ ಸೌಲಭ್ಯವಿದ್ದರೆ. ವೈರ್‌ಲೆಸ್‌ನಲ್ಲಿ ಏರಿ ಕೇಬಲ್ಲಿನಲ್ಲಿ ಏರದಿದ್ದರೆ ಬ್ಯಾಟರಿ ಬಹುತೇಕ ನಿರ್ದೋಷಿ. ದೋಷ ಚಾರ್ಜಿಂಗ್ ಪಿನ್ನಿನಲ್ಲಿ ಅಥವಾ ಅದನ್ನು ಮದರ್‌ಬೋರ್ಡಿಗೆ ಜೋಡಿಸುವ ಪಟ್ಟಿಯಲ್ಲಿ. ಎರಡರಲ್ಲೂ ಏರದಿದ್ದರೆ ಚಾರ್ಜಿಂಗ್ ಐಸಿ ಅಥವಾ ಬ್ಯಾಟರಿ. ಈ ಒಂದು ಮಾತನ್ನು ಅಂಗಡಿಯಲ್ಲಿ ಹೇಳಿದರೆ ಅನಗತ್ಯ ಬಿಡಿಭಾಗ ಬದಲಾಗುವುದು ತಪ್ಪುತ್ತದೆ.

ಪಿನ್ ಬದಲಿಸಬೇಕು ಎಂದರೆ, ಅದು ಪ್ರತ್ಯೇಕ ಸಬ್ ಬೋರ್ಡಿನ ಮೇಲಿದೆಯೋ ಮದರ್‌ಬೋರ್ಡಿಗೇ ಬೆಸೆದಿದೆಯೋ ಎಂದು ಕೇಳಿ. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಕೆಳತುದಿಯ ಪುಟ್ಟ ಬೋರ್ಡನ್ನು ಇಡಿಯಾಗಿ ಬದಲಿಸಿದರೆ ಸಾಕು, ಬೆಸುಗೆಯ ಅಗತ್ಯವಿಲ್ಲ. ನೇರ ಬೆಸೆದ ಪಿನ್ನಾದರೆ ಬಿಸಿಗಾಳಿಯ ಯಂತ್ರದಲ್ಲಿ ಪಳಗಿದ ಕೈ ಬೇಕು. ಕೊಡುವ ಮುನ್ನ ಫೋಟೊ, ಸಂಪರ್ಕ ಸಂಖ್ಯೆಗಳ ಬ್ಯಾಕಪ್ ತೆಗೆದಿಡಿ. ಚಾರ್ಜ್ ಶೇ 5ಕ್ಕೆ ಇಳಿದ ಮೇಲೆ ಅದಕ್ಕೆ ಸಮಯ ಸಿಗದು.

ವಾಪಸ್ ಪಡೆಯುವಾಗ ಅಲ್ಲೇ ನಿಂತು ಕೇಬಲನ್ನು ಎರಡೂ ಬದಿಯಿಂದ ಹಾಕಿ ನೋಡಿ, ಮಿಲಿಆಂಪಿಯರ್ ಅಂಕಿ ಓದಿ. ಕಂಪ್ಯೂಟರಿಗೆ ಜೋಡಿಸಿ ಫೈಲ್ ಕಾಣುತ್ತದೆಯೇ ಪರೀಕ್ಷಿಸಿ. ಚಾರ್ಜ್ ಆಗಿ ಡೇಟಾ ಹೋಗದಿದ್ದರೆ ಬೆಸುಗೆ ಅರ್ಧಂಬರ್ಧ ಕೂತಿರಬಹುದು. ಸಬ್ ಬೋರ್ಡ್ ಬದಲಿಸಿದ್ದರೆ ಒಂದು ಕರೆ ಮಾಡಿ ಮಾತಾಡಿ. ಮಾತಿನ ಮೈಕ್ ಬಹಳಷ್ಟು ಫೋನುಗಳಲ್ಲಿ ಅದೇ ಬೋರ್ಡಿನ ಮೇಲಿರುತ್ತದೆ, ಆ್ಯಂಟೆನಾ ತಂತಿಯೂ ಅಲ್ಲಿಗೇ ಬಂದು ಸೇರುತ್ತದೆ. ಚಾರ್ಜ್ ಸರಿಯಾಗಿ ನೆಟ್‌ವರ್ಕ್ ಕಡ್ಡಿಗಳು ಕಡಿಮೆಯಾಗಿದ್ದರೆ ಆ ತಂತಿಯ ಗುಂಡಿ ಸರಿಯಾಗಿ ಕೂತಿಲ್ಲ. ಹಿಂಬದಿ ಮುಚ್ಚಿ ಗೋಂದು ಒಣಗುವ ಮುನ್ನವೇ ಹೇಳಿ ಒತ್ತಿಸಿಕೊಳ್ಳಿ.